ಇಪ್ಪತ್ತು ಅಡಿಯ ಲೆಕ್ಕ: ಖಾಸಗಿ ರಸ್ತೆ ಮತ್ತು ತುರ್ತು ವಾಹನ

ಅಮೆರಿಕದ ಹಳ್ಳಿಗಾಡಿನಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಂಥ ಪಶ್ಚಿಮ ರಾಜ್ಯಗಳ ಗುಡ್ಡಗಾಡಿನಲ್ಲಿ, ಮನೆಯ ಅಂಗಳದಿಂದ ಸರ್ಕಾರಿ ರಸ್ತೆಯವರೆಗಿನ ದಾರಿ ಬಹಳ ಕಡೆ ಸರ್ಕಾರಕ್ಕೆ ಸೇರಿದ್ದಲ್ಲ. ದೊಡ್ಡ ಜಮೀನನ್ನು ತುಂಡು ಮಾಡಿ ಮಾರಿದವರು ತೆಗೆದ, ಆ ತುಂಡುಗಳನ್ನು ಕೊಂಡವರು ತಮ್ಮ ಖರ್ಚಿನಲ್ಲಿ ಉಳಿಸಿಕೊಂಡು ಬರಬೇಕಾದ ಇಂಥ ದಾರಿಯನ್ನು ಖಾಸಗಿ ರಸ್ತೆ ಎನ್ನುತ್ತಾರೆ. ಕರ್ನಾಟಕದ ಜಿಲ್ಲೆಯನ್ನು ಹೋಲುವ ಆಡಳಿತ ಘಟಕವಾದ ಕೌಂಟಿಯು ಈ ರಸ್ತೆಗೆ ಡಾಂಬರು ಹಾಕುವುದಿಲ್ಲ, ಕುಸಿದ ಮೋರಿಯನ್ನು ಕಟ್ಟಿಸುವುದಿಲ್ಲ, ಚಳಿಗಾಲದಲ್ಲಿ ಬಿದ್ದ ಹಿಮವನ್ನು ತೆಗೆಸುವುದಿಲ್ಲ. ದಿನನಿತ್ಯದ ಓಡಾಟದಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಣ್ಣಿಗೆ ಬೀಳದು. ಆದರೆ ಬೆಂಕಿ ಹೊತ್ತಿಕೊಂಡ ಗಳಿಗೆಯಲ್ಲಿ, ಮನೆಯಲ್ಲೊಬ್ಬರ ಎದೆಬಡಿತ ನಿಂತ ಗಳಿಗೆಯಲ್ಲಿ, ದೂರದ ಠಾಣೆಯಿಂದ ಹೊರಟ ಭಾರಿ ವಾಹನ ಆ ದಾರಿಯಲ್ಲಿ ಒಳಗೆ ಬರಬಲ್ಲದೆ, ಬಂದ ಮೇಲೆ ತಿರುಗಿ ಹೋಗಬಲ್ಲದೆ, ಅದು ಒಳಗೆ ಬರುತ್ತಿರುವಾಗಲೇ ಮನೆಯವರು ಹೊರಗೆ ಹೋಗಬಲ್ಲರೆ ಎಂಬ ಮೂರು ಪ್ರಶ್ನೆಗಳು ಏಳುತ್ತವೆ. ಇವುಗಳ ಉತ್ತರ ಬಹುಮಟ್ಟಿಗೆ ಹತ್ತಾರು ವರ್ಷಗಳ ಹಿಂದೆ, ಜಮೀನು ವಿಂಗಡಣೆಯ ನಕ್ಷೆಗೆ ಸಹಿ ಬಿದ್ದ ದಿನವೇ ನಿಶ್ಚಯವಾಗಿಬಿಟ್ಟಿರುತ್ತದೆ ಎಂಬುದು ಈ ವಿಷಯವನ್ನು ಅರಿಯಲು ಹೊರಟವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ.

ದಾರಿ ಖಾಸಗಿಯಾಗುವ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಜಮೀನನ್ನು ತುಂಡು ಮಾಡಿ ಮಾರುವುದಕ್ಕೆ ಜಮೀನು ವಿಂಗಡಣಾ ನಕ್ಷೆ ಕಾಯಿದೆಯ ಪ್ರಕಾರ ಕೌಂಟಿಯ ಅಥವಾ ನಗರಾಡಳಿತದ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ತುಂಡುಗಳಾದರೆ ಮೊದಲು ಕರಡು ನಕ್ಷೆ, ಅನಂತರ ಅಂತಿಮ ನಕ್ಷೆ ಎಂಬ ಪೂರ್ಣ ಪ್ರಕ್ರಿಯೆ ನಡೆಯುತ್ತದೆ. ನಾಲ್ಕರವರೆಗಿನ ತುಂಡುಗಳಿಗೆ ಇನ್ನಷ್ಟು ಸರಳವಾದ ನಕ್ಷೆ ಸಾಕಾಗುತ್ತದೆ. ಆದ್ದರಿಂದ ಹಳ್ಳಿಗಾಡಿನ ಒಂದೇ ಜಮೀನು ಒಮ್ಮೆ ನಾಲ್ಕಾಗಿ, ಮುಂದಿನ ತಲೆಮಾರಿನಲ್ಲಿ ಅವುಗಳಲ್ಲಿ ಒಂದೊಂದು ಮತ್ತೆ ಕೆಲವಾಗಿ ಒಡೆಯುತ್ತ ಹೋಗುವುದುಂಟು. ಮೊದಲ ಒಡೆಯ ಟ್ರ್ಯಾಕ್ಟರ್ ಓಡಾಡಲೆಂದು ತೆಗೆದ ಜಲ್ಲಿದಾರಿಯೇ ಕಡೆಗೆ ಇಪ್ಪತ್ತು ಮೂವತ್ತು ಮನೆಗಳ ಏಕೈಕ ರಸ್ತೆಯಾಗಿ ಉಳಿಯುತ್ತದೆ.

ಆ ರಸ್ತೆಯನ್ನು ಕೌಂಟಿ ತನ್ನದಾಗಿಸಿಕೊಳ್ಳದೆ ಇರುವುದಕ್ಕೆ ಎರಡೂ ಕಡೆ ಕಾರಣಗಳಿವೆ. ಕೌಂಟಿಗೆ ಒಪ್ಪಿಸಬೇಕಾದರೆ ಮೊದಲು ಅದರ ಮಾನದಂಡಕ್ಕೆ ತಕ್ಕ ಅಗಲ, ಅಡಿಪಾಯ, ಚರಂಡಿಗಳನ್ನು ಕಟ್ಟಿಕೊಡಬೇಕು, ಅದು ಜಮೀನು ಮಾರುವವನಿಗೆ ದುಬಾರಿ. ಒಪ್ಪಿಕೊಂಡ ಕೌಂಟಿಯು ಮುಂದೆ ಎಂದೆಂದಿಗೂ ಅದನ್ನು ನೋಡಿಕೊಳ್ಳಬೇಕು, ಅದು ಬೊಕ್ಕಸಕ್ಕೆ ಹೊರೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೆಯ ಪ್ರಸ್ತಾವವನ್ನು ಅಂಗೀಕರಿಸಿ ಆಸ್ತಿ ತೆರಿಗೆಗೆ ಶೇಕಡ 1ರ ಮಿತಿಯನ್ನೂ, ತೆರಿಗೆ ಲೆಕ್ಕಕ್ಕೆ ಹಿಡಿಯುವ ಬೆಲೆಯ ವಾರ್ಷಿಕ ಏರಿಕೆಗೆ ಶೇಕಡ 2ರ ಮಿತಿಯನ್ನೂ ಹಾಕಿದ ಮೇಲೆ ಸ್ಥಳೀಯ ಆಡಳಿತಗಳ ಕೈ ಇನ್ನಷ್ಟು ಬಿಗಿಯಾಯಿತು. ಕೊಲರಾಡೊ ರಾಜ್ಯದಲ್ಲಿ ಇನ್ನೊಂದು ಬಗೆಯ ಚರಿತ್ರೆಯಿದೆ. ಅಲ್ಲಿ 1972ರಲ್ಲಿ ಬಂದ ಕಾಯಿದೆಯು ಜಮೀನು ವಿಂಗಡಣೆಗೆ ಕೌಂಟಿಯ ಪರಿಶೀಲನೆಯನ್ನು ಕಡ್ಡಾಯ ಮಾಡಿತಾದರೂ 35 ಎಕರೆ ಮತ್ತು ಅದಕ್ಕಿಂತ ದೊಡ್ಡ ತುಂಡುಗಳನ್ನು ಆ ಪರಿಶೀಲನೆಯ ಆಚೆಗಿಟ್ಟಿತು. ಹೀಗಾಗಿ ಬೆಟ್ಟದ ತಪ್ಪಲುಗಳಲ್ಲಿ ನೆಟ್ಟಗೆ 35 ಎಕರೆಯ ಅಳತೆಗೇ ಕತ್ತರಿಸಿದ ತುಂಡುಗಳು ಸಾಲುಸಾಲಾಗಿ ಹುಟ್ಟಿಕೊಂಡವು. ಟೆಕ್ಸಸ್‌ನಲ್ಲಿ ಮೆಕ್ಸಿಕೊ ಗಡಿಯ ಉದ್ದಕ್ಕೂ ಕೊಲೋನಿಯಾ ಎಂದು ಕರೆಯುವ ಬಡಾವಣೆಗಳು ಎದ್ದವು. ನೀರು, ಒಳಚರಂಡಿ, ಗಟ್ಟಿರಸ್ತೆ ಯಾವುದೂ ಇಲ್ಲದ ನಿವೇಶನಗಳನ್ನು ಬಡ ಕೂಲಿಕಾರ ಕುಟುಂಬಗಳಿಗೆ ಕಂತಿನ ಮೇಲೆ ಮಾರಲಾಯಿತು, ಅದನ್ನು ತಡೆಯುವ ಬಿಗಿಯಾದ ಕಾನೂನುಗಳು ಬರುವ ಹೊತ್ತಿಗೆ 1990ರ ದಶಕ ಬಂದಿತ್ತು. ಶ್ರೀಮಂತರ ಬೆಟ್ಟದ ಮನೆಗೂ ಕೂಲಿಕಾರರ ಗುಡಿಸಲಿಗೂ ರಸ್ತೆಯ ಕೊರತೆ ಒಂದೇ ಬಾಗಿಲಿನಿಂದ ಒಳಬಂದಿತು: ಜಮೀನು ತುಂಡಾಗುವಾಗ ಯಾರೂ ಅಳತೆಪಟ್ಟಿ ಹಿಡಿದು ನಿಲ್ಲಲಿಲ್ಲ.

ಖಾಸಗಿ ರಸ್ತೆಯ ಒಡೆತನವೂ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಸಾಮಾನ್ಯವಾಗಿ ರಸ್ತೆಯ ನೆಲ ಅದು ಹಾದುಹೋಗುವ ಜಮೀನುಗಳ ಒಡೆಯರಿಗೇ ಸೇರಿರುತ್ತದೆ, ಉಳಿದವರಿಗೆ ಆ ನೆಲದ ಮೇಲೆ ಹಾಯ್ದುಹೋಗುವ ದಾರಿಯ ಹಕ್ಕು ಮಾತ್ರ ಇರುತ್ತದೆ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 845ನೆಯ ಕಲಮು ದಾರಿಯ ಹಕ್ಕುಳ್ಳವರೇ ಅದನ್ನು ದುರಸ್ತಿಯಲ್ಲಿ ಇಟ್ಟುಕೊಳ್ಳಬೇಕೆಂದೂ, ಬೇರೆ ಒಪ್ಪಂದ ಇಲ್ಲದಿದ್ದರೆ ಖರ್ಚನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಬೇಕೆಂದೂ ಹೇಳುತ್ತದೆ. ಕಾನೂನು ಇಷ್ಟು ಸ್ಪಷ್ಟವಿದ್ದರೂ, ಹಣ ಕೊಡಲು ಒಲ್ಲದ ನೆರೆಯವನ ಮೇಲೆ ದಾವೆ ಹೂಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. ರಸ್ತೆಯ ಮೊದಲಲ್ಲಿರುವವನು ಕೊನೆಯ ತಿರುವಿನ ದುರಸ್ತಿಗೆ ತಾನೇಕೆ ಕೊಡಬೇಕೆಂದು ಕೇಳುತ್ತಾನೆ, ಕೊನೆಯಲ್ಲಿರುವವನು ಒಬ್ಬನೇ ಎಲ್ಲವನ್ನೂ ಹೊರಲಾರ. ವರ್ಷಗಳು ಕಳೆದಂತೆ ಮಳೆನೀರು ಜಲ್ಲಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಇಕ್ಕೆಲದ ಕೊಂಬೆಗಳು ರಸ್ತೆಯ ಮೇಲೆ ಕವಿಯುತ್ತವೆ, 20 ಅಡಿಯೆಂದು ನಕ್ಷೆಯಲ್ಲಿರುವ ರಸ್ತೆ ನೆಲದ ಮೇಲೆ 12 ಅಡಿಗೆ ಇಳಿದಿರುತ್ತದೆ.

ಅಳತೆಗಳ ಹಿಂದಿನ ಕಾರಣ

ತುರ್ತು ವಾಹನಗಳ ದಾರಿಗೆ ಅಮೆರಿಕದ ಬಹಳ ಕಡೆ ಆಧಾರವಾಗಿರುವುದು ಅಂತರರಾಷ್ಟ್ರೀಯ ಅಗ್ನಿ ಸಂಹಿತೆ ಎಂಬ ಮಾದರಿ ನಿಯಮಾವಳಿ. ಮಾದರಿ ಎಂದರೆ ಅದು ತಾನಾಗಿ ಕಾನೂನಲ್ಲ. ರಾಜ್ಯವಾಗಲಿ ಕೌಂಟಿಯಾಗಲಿ ಅದನ್ನು ಅಂಗೀಕರಿಸಿದ ಮೇಲೆ, ಬೇಕಾದಲ್ಲಿ ತಿದ್ದಿಕೊಂಡ ಮೇಲೆ, ಅದು ಜಾರಿಗೆ ಬರುತ್ತದೆ. ಇದರ ಪ್ರಕಾರ ಅಗ್ನಿಶಾಮಕ ವಾಹನ ಬರುವ ರಸ್ತೆ ಅಡೆತಡೆಯಿಲ್ಲದೆ 20 ಅಡಿ ಅಗಲ ಇರಬೇಕು, ಮೇಲೆ 13 ಅಡಿ 6 ಅಂಗುಲದವರೆಗೆ ಕೊಂಬೆ, ತಂತಿ, ಕಮಾನು ಯಾವುದೂ ಅಡ್ಡ ಬರಬಾರದು, ಕಟ್ಟಡದ ನೆಲಮಹಡಿಯ ಹೊರಗೋಡೆಯ ಯಾವ ಭಾಗವೂ ಆ ರಸ್ತೆಯಿಂದ 150 ಅಡಿಗಿಂತ ದೂರ ಇರಬಾರದು. ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ರಸ್ತೆಗೆ ಡೆಡ್ ಎಂಡ್ ಎಂದು ಹೆಸರು. ಅಂಥ ರಸ್ತೆ 150 ಅಡಿಗಿಂತ ಉದ್ದವಾಗಿದ್ದರೆ ಅದರ ತುದಿಯಲ್ಲಿ ವಾಹನ ತಿರುಗಿಸುವ ಜಾಗ ಇರಲೇಬೇಕು.

ಸಾಮಾನ್ಯ ಓದುಗರಿಗೆ ಈ ಸಂಖ್ಯೆಗಳು ಅಧಿಕಾರಿಗಳ ಹಟದಂತೆ ತೋರಬಹುದಾದರೂ ಒಂದೊಂದರ ಹಿಂದೆಯೂ ವಾಹನದ ದೇಹವೇ ಇದೆ. ಅಗ್ನಿಶಾಮಕ ವಾಹನದ ಅಗಲ ಸುಮಾರು 8ರಿಂದ 8.5 ಅಡಿ, ಎರಡೂ ಬದಿಯ ಕನ್ನಡಿಗಳನ್ನು ಸೇರಿಸಿದರೆ ಹೆಚ್ಚುಕಡಿಮೆ 10 ಅಡಿ. ಅದು ನಿಂತ ಮೇಲೆ ಸಿಬ್ಬಂದಿ ಬಾಗಿಲು ತೆರೆದು ಇಳಿಯಬೇಕು, ಬದಿಯ ಕಪಾಟುಗಳಿಂದ ಉಪಕರಣ ತೆಗೆಯಬೇಕು, ನೀರಿನ ಕೊಳವೆಯನ್ನು ಬಿಚ್ಚಿ ಎಳೆಯಬೇಕು. ಇಷ್ಟಾಗುತ್ತಿರುವಾಗ ಎರಡನೆಯ ವಾಹನ ಅದರ ಪಕ್ಕದಿಂದ ಮುಂದೆ ಸಾಗಬೇಕು. ಎರಡು ಹತ್ತು ಅಡಿಗಳು ಸೇರಿ ಇಪ್ಪತ್ತಾಗುವುದು ಈ ಲೆಕ್ಕದಿಂದ. ತೂಕದ ವಿಷಯವೂ ಹೀಗೆಯೇ: ಕ್ಯಾಲಿಫೋರ್ನಿಯಾದ ನಿಯಮದಂತೆ ರಸ್ತೆ 75,000 ಪೌಂಡ್, ಅಂದರೆ ಸುಮಾರು 34 ಟನ್ ಹೊರಬೇಕು, ಕೆಲವೇ ಮನೆಗಳಿಗೆ ಹೋಗುವ ಕವಲುದಾರಿಗೆ 40,000 ಪೌಂಡ್, ಅಂದರೆ ಸುಮಾರು 18 ಟನ್ ಸಾಕು. ಕಾರುಗಳು ವರ್ಷಗಟ್ಟಲೆ ಸಲೀಸಾಗಿ ಓಡಾಡಿದ ಮರದ ಸೇತುವೆಯೊಂದು ನೀರು ತುಂಬಿದ ವಾಹನದ ಭಾರಕ್ಕೆ ಮುರಿದುಬೀಳಬಹುದು. ಸೇತುವೆ ಎಷ್ಟು ಭಾರ ತಾಳುತ್ತದೆಂಬ ಫಲಕ ಅಲ್ಲಿ ಇಲ್ಲದಿದ್ದರೆ ಚಾಲಕನಿಗೆ ಅದನ್ನು ತಿಳಿಯುವ ಬೇರೆ ದಾರಿಯಿಲ್ಲ, ಹಾಗಾಗಿ ಆತ ಈಚೆಯೇ ನಿಲ್ಲಬೇಕಾಗುತ್ತದೆ.

ಏರಿನ ಮಿತಿಯನ್ನು ಮಾದರಿ ಸಂಹಿತೆಯ ಅನುಬಂಧ ಶೇಕಡ 10 ಎಂದು ಇಟ್ಟರೆ ಕ್ಯಾಲಿಫೋರ್ನಿಯಾ ತನ್ನ ಬೆಟ್ಟಗಳ ವಾಸ್ತವವನ್ನು ಒಪ್ಪಿಕೊಂಡು ಶೇಕಡ 16ರವರೆಗೆ ಬಿಡುತ್ತದೆ. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಹದಿನಾರು ಅಡಿ ಮೇಲೇರುವ ದಾರಿ ಅದು. ಒಂಟಿ ಕವಲುದಾರಿ 10 ಅಡಿಯಷ್ಟೇ ಅಗಲವಿರಬಹುದು, ಆದರೆ ಅದು 150 ಅಡಿಗಿಂತ ಉದ್ದವಾದರೆ ನಡುವೆ ಒಂದು ಕಡೆ, 800 ಅಡಿಗಿಂತ ಉದ್ದವಾದರೆ 400 ಅಡಿಗೊಂದರಂತೆ, ಎದುರಿನ ವಾಹನಕ್ಕೆ ಸರಿದು ನಿಲ್ಲುವ ಜಾಗ ಬಿಡಬೇಕು. ಆ ಜಾಗ ಕನಿಷ್ಠ 12 ಅಡಿ ಅಗಲ, 30 ಅಡಿ ಉದ್ದ ಇದ್ದು ಎರಡೂ ತುದಿಯಲ್ಲಿ ರಸ್ತೆಗೆ ಓರೆಯಾಗಿ ಕೂಡಿಕೊಳ್ಳಬೇಕು. ಗೇಟು ರಸ್ತೆಯ ಸಂಚಾರ ಪಥಕ್ಕಿಂತ 2 ಅಡಿ ಹೆಚ್ಚು ಅಗಲ ಇರಬೇಕು, ಮುಖ್ಯರಸ್ತೆಯಿಂದ ಕನಿಷ್ಠ 30 ಅಡಿ ಒಳಗಿರಬೇಕು, ಏಕೆಂದರೆ ಗೇಟು ತೆರೆಯುವವರೆಗೆ ಕಾಯುವ ವಾಹನ ಮುಖ್ಯರಸ್ತೆಯ ಸಂಚಾರಕ್ಕೆ ಅಡ್ಡವಾಗಿ ನಿಲ್ಲಬಾರದು. ಬೀಗ ಹಾಕಿದ ಗೇಟುಗಳಿಗೆ ಅಗ್ನಿಶಾಮಕ ದಳದ ಬಳಿ ಮಾತ್ರ ಇರುವ ಕೀಲಿಯಿಂದ ತೆರೆಯುವ ಪೆಟ್ಟಿಗೆಯನ್ನೋ ಸ್ವಿಚ್ಚನ್ನೋ ಅಳವಡಿಸುವ ವ್ಯವಸ್ಥೆ ಅಮೆರಿಕದಲ್ಲಿ ವ್ಯಾಪಕವಾಗಿದೆ.

ಇವೆಲ್ಲವುಗಳ ನಡುವೆ ಅತ್ಯಂತ ಅಗ್ಗದ, ಆದರೂ ಅನೇಕರು ಕಡೆಗಣಿಸುವ ನಿಯಮ ವಿಳಾಸದ ಫಲಕದ್ದು. ಮನೆಯ ಸಂಖ್ಯೆಯ ಅಂಕಿ ಕನಿಷ್ಠ 4 ಅಂಗುಲ ಎತ್ತರವಿದ್ದು, ಬೆಳಕು ಬಿದ್ದರೆ ಹೊಳೆಯುವಂತಿದ್ದು, ರಸ್ತೆಯ ಎರಡೂ ದಿಕ್ಕಿನಿಂದ ಕಾಣಬೇಕೆಂದು ಅದು ಹೇಳುತ್ತದೆ. ಒಂದೇ ಕವಲಿನಲ್ಲಿ ಐದಾರು ಮನೆಗಳಿದ್ದು ಯಾವುದಕ್ಕೂ ಹೆಸರಿಲ್ಲದ ಕಡೆ, ಹೊಗೆ ತುಂಬಿದ ರಾತ್ರಿಯಲ್ಲಿ, ಬೇರೆ ಕೌಂಟಿಯಿಂದ ನೆರವಿಗೆ ಬಂದ ಚಾಲಕನಿಗೆ ಆ ನಾಲ್ಕು ಅಂಗುಲವೇ ದಾರಿದೀಪ.

ನೀರು ಮತ್ತು ನಿಮಿಷ

ನಗರದ ಬೀದಿಯಲ್ಲಿ ಕೆಲವು ನೂರು ಅಡಿಗೊಂದು ಅಗ್ನಿಶಾಮಕ ನಲ್ಲಿ ಇರುತ್ತದೆ. ಹಳ್ಳಿಗಾಡಿನ ಬಹುತೇಕ ಕಡೆ ಅದಿಲ್ಲ. ಅಲ್ಲಿ ನೀರು ಟ್ಯಾಂಕರ್‌ನಲ್ಲಿ ಬರಬೇಕು. ಸುಮಾರು 3,000 ಅಮೆರಿಕನ್ ಗ್ಯಾಲನ್ ಹಿಡಿಸುವ ಟ್ಯಾಂಕರ್‌ನಲ್ಲಿ ನೀರಿನ ತೂಕವೇ 11 ಟನ್ ದಾಟುತ್ತದೆ, ಅಷ್ಟೂ ನೀರು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಒಂದು ಟ್ಯಾಂಕರ್ ನೀರು ಸುರಿಯುತ್ತಿರುವಾಗ ಇನ್ನೊಂದು ತುಂಬಿಕೊಂಡು ಬರುತ್ತಿರಬೇಕು, ಮತ್ತೊಂದು ಖಾಲಿಯಾಗಿ ಹಿಂದಿರುಗುತ್ತಿರಬೇಕು. ಹೊಲಕ್ಕೆ ಗೊಬ್ಬರ ಸಾಗಿಸುವ ಗಾಡಿಗಳ ಸಾಲಿನಂತೆ ಈ ಓಡಾಟ ಎಲ್ಲೂ ಕಡಿಯಬಾರದು. ಎದುರುಬದುರಾದ ಎರಡು ಟ್ಯಾಂಕರ್‌ಗಳು ಹಾಯಲಾಗದ 10 ಅಡಿಯ ದಾರಿಯಲ್ಲಿ, ತಿರುಗಲು ಜಾಗವಿಲ್ಲದೆ ಅರ್ಧ ಮೈಲಿ ಹಿಮ್ಮುಖವಾಗಿ ಬರಬೇಕಾದ ದಾರಿಯಲ್ಲಿ, ಈ ಸರಪಳಿ ಮೊದಲ ಸುತ್ತಿನಲ್ಲೇ ಕಡಿದುಹೋಗುತ್ತದೆ. ವಾಹನ ತಿರುಗಿಸುವ ಜಾಗವನ್ನು ನಿಯಮ ಅಷ್ಟು ಒತ್ತಿ ಕೇಳುವುದು ಇದಕ್ಕಾಗಿ.

ಆಂಬುಲೆನ್ಸ್ ಅಗ್ನಿಶಾಮಕ ವಾಹನಕ್ಕಿಂತ ಚಿಕ್ಕದು, ಹಗುರವಾದದ್ದು. ಅದರ ಕಷ್ಟ ಅಗಲಕ್ಕಿಂತ ಹೆಚ್ಚಾಗಿ ನಿಮಿಷಗಳದ್ದು. ಎದೆಬಡಿತ ನಿಂತವರಿಗೆ ಎದೆಯೊತ್ತುವ ಚಿಕಿತ್ಸೆಯಾಗಲಿ ವಿದ್ಯುದಾಘಾತದ ಚಿಕಿತ್ಸೆಯಾಗಲಿ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆಂದು ವೈದ್ಯಕೀಯ ಲೆಕ್ಕ ಹೇಳುತ್ತದೆ. ಅಮೆರಿಕದ ಹಳ್ಳಿಗಾಡಿನ ಅಗ್ನಿಶಾಮಕ ದಳಗಳಲ್ಲಿ ದುಡಿಯುವವರು ಹೆಚ್ಚಾಗಿ ಸ್ವಯಂಸೇವಕರು, ಕರೆ ಬಂದಾಗ ಮನೆಯಿಂದಲೋ ಹೊಲದಿಂದಲೋ ಹೊರಟು ಬರುವವರು. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಇಂಥ ದಳಗಳಿಗಾಗಿ ರೂಪಿಸಿದ 1720 ಸಂಖ್ಯೆಯ ಮಾನದಂಡ ಗ್ರಾಮೀಣ ಪ್ರದೇಶದಲ್ಲಿ ಆರು ಜನ 14 ನಿಮಿಷಗಳೊಳಗೆ, ನೂರರಲ್ಲಿ ಎಂಬತ್ತು ಸಲವಾದರೂ, ಸ್ಥಳ ಸೇರಬೇಕೆಂಬ ಗುರಿ ಇಡುತ್ತದೆ. ಹದಿನಾಲ್ಕು ನಿಮಿಷವೇ ಗುರಿಯಾಗಿರುವ ಕಡೆ, ಸರ್ಕಾರಿ ರಸ್ತೆಯನ್ನು ಬಿಟ್ಟ ಮೇಲಿನ ಕೊನೆಯ ಅರ್ಧ ಮೈಲಿಯಲ್ಲಿ ಗುಂಡಿಗಳಿಗಾಗಿ, ಬೀಗಕ್ಕಾಗಿ, ಕಾಣದ ಫಲಕಕ್ಕಾಗಿ ಕಳೆದುಹೋಗುವ ನಾಲ್ಕೈದು ನಿಮಿಷಗಳನ್ನು ಬೇರೆಲ್ಲಿಂದಲೂ ತಂದು ತುಂಬಿಕೊಡಲಾಗದು.

ಒಂದೇ ದಾರಿಯ ಎರಡು ದಿಕ್ಕು

ಮೂರು ಪ್ರಶ್ನೆಗಳಲ್ಲಿ ಕೊನೆಯದು, ಅಂದರೆ ವಾಹನ ಒಳಗೆ ಬರುವಾಗಲೇ ಜನ ಹೊರಗೆ ಹೋಗಬಲ್ಲರೆ ಎಂಬುದು, ಕಾಳ್ಗಿಚ್ಚಿನ ನಾಡಿನಲ್ಲಿ ಎಲ್ಲಕ್ಕಿಂತ ಭೀಕರವಾದದ್ದು. 1991ರ ಅಕ್ಟೋಬರ್ 20ರಂದು ಓಕ್‌ಲ್ಯಾಂಡ್ ನಗರದ ಬೆಟ್ಟಗಳ ಮೇಲೆ ಹಬ್ಬಿದ ಬೆಂಕಿಯಲ್ಲಿ 25 ಜನ ಸತ್ತರು, ಸುಮಾರು 3,000 ಮನೆಗಳು ಸುಟ್ಟವು. ಹಳೆಯ ಕಾಲದ ಇಕ್ಕಟ್ಟಾದ ತಿರುವುಗಳಲ್ಲಿ ಕೆಳಗಿಳಿಯುತ್ತಿದ್ದ ಕಾರುಗಳೂ ಮೇಲೇರುತ್ತಿದ್ದ ಅಗ್ನಿಶಾಮಕ ವಾಹನಗಳೂ ಒಂದನ್ನೊಂದು ಕಟ್ಟಿಹಾಕಿದವು. ಅವು ನಗರದ ಸಾರ್ವಜನಿಕ ಬೀದಿಗಳು. ಅಂಥ ಕಡೆಯೇ ಹೀಗಾದರೆ ಹಳ್ಳಿಗಾಡಿನ ಖಾಸಗಿ ದಾರಿಗಳ ಪಾಡೇನೆಂಬುದಕ್ಕೆ ಉತ್ತರ 2018ರಲ್ಲಿ ಸಿಕ್ಕಿತು. ಆ ವರ್ಷದ ನವೆಂಬರ್ 8ರ ಬೆಳಿಗ್ಗೆ ಸುಮಾರು ಆರೂವರೆಗೆ ಬ್ಯೂಟ್ ಕೌಂಟಿಯ ಕಣಿವೆಯೊಂದರಲ್ಲಿ ಹುಟ್ಟಿದ ಕ್ಯಾಂಪ್ ಫೈರ್ ಎಂಬ ಬೆಂಕಿ ಎಂಟು ಗಂಟೆಯ ಹೊತ್ತಿಗೆ ಪ್ಯಾರಡೈಸ್ ಪಟ್ಟಣವನ್ನು ಮುಟ್ಟಿತ್ತು. ಎರಡು ಕಣಿವೆಗಳ ನಡುವಿನ ಏಣಿನ ಮೇಲೆ ಬೆಳೆದಿದ್ದ, ಸುಮಾರು 26,000 ಜನರ ಆ ಪಟ್ಟಣದಿಂದ ದಕ್ಷಿಣಕ್ಕೆ ಇಳಿಯಲು ಇದ್ದದ್ದು ಸ್ಕೈವೇ, ನೀಲ್, ಕ್ಲಾರ್ಕ್, ಪೆಂಟ್ಜ್ ಎಂಬ ನಾಲ್ಕೇ ರಸ್ತೆಗಳು. ಅವುಗಳಿಗೆ ಕೂಡಿಕೊಳ್ಳುತ್ತಿದ್ದ ಒಳರಸ್ತೆಗಳಲ್ಲಿ ಬಹಳಷ್ಟು ಖಾಸಗಿಯಾಗಿದ್ದು, ಕಣಿವೆಯಂಚಿನಲ್ಲಿ ಡೆಡ್ ಎಂಡ್ ಆಗಿ ಮುಗಿಯುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ದಾಟಲು ಅಡ್ಡರಸ್ತೆಗಳು ಕಡಿಮೆ. ಬೆಂಕಿ ಆರುವ ಹೊತ್ತಿಗೆ 85 ಜನ ಸತ್ತಿದ್ದರು, 18,000ಕ್ಕಿಂತ ಹೆಚ್ಚು ಕಟ್ಟಡಗಳು ನಾಶವಾಗಿದ್ದವು.

ಇದು ಯಾರೂ ಊಹಿಸದ ಅನಾಹುತವಾಗಿರಲಿಲ್ಲ ಎಂಬುದು ನೋವಿನ ಸಂಗತಿ. 2008ರ ಬೇಸಿಗೆಯ ಬೆಂಕಿಗಳಲ್ಲಿ ಇದೇ ಪಟ್ಟಣದ ಜನ ರಸ್ತೆಗಳಲ್ಲಿ ಸಿಕ್ಕಿಕೊಂಡಿದ್ದರು. ಆಡಳಿತವನ್ನು ಪರಿಶೀಲಿಸಲು ನಾಗರಿಕರಿಂದಲೇ ರಚನೆಯಾಗುವ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಆ ಮೇಲೆ ಕೊಟ್ಟ ವರದಿಯಲ್ಲಿ ಹೊರಹೋಗುವ ದಾರಿಗಳ ಕೊರತೆಯ ಬಗ್ಗೆ ಎಚ್ಚರಿಸಿತ್ತು. ಪಟ್ಟಣವೂ ಸುಮ್ಮನಿರಲಿಲ್ಲ, ಊರನ್ನು ವಲಯಗಳಾಗಿ ವಿಂಗಡಿಸಿ ಒಂದೊಂದು ವಲಯವನ್ನು ಸರದಿಯಂತೆ ತೆರವು ಮಾಡಿಸುವ, ಸ್ಕೈವೇಯ ಎಲ್ಲ ಪಥಗಳನ್ನೂ ಕೆಳಮುಖವಾಗಿ ತಿರುಗಿಸುವ ಯೋಜನೆ ಮಾಡಿಕೊಂಡಿತ್ತು. ಆದರೆ ಇಡೀ ಊರು ಒಮ್ಮೆಲೇ ಹೊರಡಬೇಕಾದ ದಿನ ಆ ಯೋಜನೆ ಸಾಲದಾಯಿತು, ಏಕೆಂದರೆ ಯೋಜನೆ ಎಷ್ಟೇ ಚೆನ್ನಾಗಿದ್ದರೂ ಇಲ್ಲದ ರಸ್ತೆಯನ್ನು ಅದು ಸೃಷ್ಟಿಸಲಾರದು. ಪಟ್ಟಣವನ್ನು ಮತ್ತೆ ಕಟ್ಟುತ್ತಿರುವಾಗ ಡೆಡ್ ಎಂಡ್ ರಸ್ತೆಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವೂ ಯೋಜನೆಗಳ ಪಟ್ಟಿಯಲ್ಲಿ ಸೇರಿಕೊಂಡಿತು.

ಡೆಡ್ ಎಂಡ್‌ಗೆ ಉದ್ದದ ಮಿತಿಯನ್ನು ಕ್ಯಾಲಿಫೋರ್ನಿಯಾ ಜಮೀನಿನ ತುಂಡಿನ ಗಾತ್ರಕ್ಕೆ ಹೊಂದಿಸಿದೆ. ತುಂಡು ಒಂದು ಎಕರೆಗಿಂತ ಚಿಕ್ಕದಾದರೆ 800 ಅಡಿ, ಒಂದರಿಂದ ಐದು ಎಕರೆಯೊಳಗಾದರೆ 1,320 ಅಡಿ, ಐದರಿಂದ ಇಪ್ಪತ್ತು ಎಕರೆಯೊಳಗಾದರೆ 2,640 ಅಡಿ, ಇಪ್ಪತ್ತು ಎಕರೆ ಅಥವಾ ಹೆಚ್ಚಾದರೆ 5,280 ಅಡಿ, ಅಂದರೆ ಒಂದು ಮೈಲಿ. ತುಂಡು ಚಿಕ್ಕದಾದಷ್ಟೂ ಅದೇ ಉದ್ದದ ರಸ್ತೆಯ ಮೇಲೆ ಮನೆಗಳು ಹೆಚ್ಚುತ್ತವೆ, ಒಮ್ಮೆಲೇ ಹೊರಡುವ ಕಾರುಗಳು ಹೆಚ್ಚುತ್ತವೆ, ಆದ್ದರಿಂದ ದಾರಿ ಚಿಕ್ಕದಾಗಿರಬೇಕು ಎಂಬುದು ಇದರ ತರ್ಕ. ಒಂದು ಡೆಡ್ ಎಂಡ್‌ನಿಂದ ಕವಲೊಡೆದ ಇತರ ಡೆಡ್ ಎಂಡ್‌ಗಳ ಉದ್ದವನ್ನೂ ಲೆಕ್ಕಕ್ಕೆ ಸೇರಿಸಬೇಕೆಂಬ ಮಾತನ್ನೂ ನಿಯಮ ಮರೆತಿಲ್ಲ. ಮಾದರಿ ಸಂಹಿತೆಯ ಅನುಬಂಧವು ಮೂವತ್ತಕ್ಕಿಂತ ಹೆಚ್ಚು ಮನೆಗಳಿರುವ ಬಡಾವಣೆಗೆ ಎರಡು ಪ್ರತ್ಯೇಕ ರಸ್ತೆಗಳನ್ನು ಕೇಳುತ್ತದೆ. ಆ ಎರಡರ ನಡುವಿನ ಅಂತರ ಬಡಾವಣೆಯ ಕರ್ಣದ, ಅಂದರೆ ಮೂಲೆಯಿಂದ ಮೂಲೆಗಿನ ಉದ್ದದ, ಅರ್ಧಕ್ಕಿಂತ ಕಡಿಮೆ ಇರಬಾರದೆನ್ನುತ್ತದೆ. ಅಕ್ಕಪಕ್ಕದಲ್ಲೇ ಇರುವ ಎರಡು ಬಾಗಿಲುಗಳು ಬೆಂಕಿಯ ಪಾಲಿಗೆ ಒಂದೇ ಬಾಗಿಲಾಗಿರುತ್ತವೆ.

ಹಳೆಯ ರಸ್ತೆಗಳ ತೊಡಕು

ಕ್ಯಾಲಿಫೋರ್ನಿಯಾದ ಈ ನಿಯಮಗಳ ಬೇರು 1987ರಲ್ಲಿ ಬಂದ, ಸಾರ್ವಜನಿಕ ಸಂಪನ್ಮೂಲ ಸಂಹಿತೆಯ 4290ನೆಯ ಕಲಮಿನಲ್ಲಿದೆ. ಅದರಡಿ ರಾಜ್ಯದ ಅರಣ್ಯ ಮಂಡಳಿ ರಚಿಸಿದ ನಿಯಮಗಳು 1991ರಲ್ಲಿ ಜಾರಿಗೆ ಬಂದವು. ಮೊದಲಿಗೆ ಅವು ಬೆಂಕಿಯ ಹೊಣೆ ರಾಜ್ಯದ ಮೇಲಿರುವ ಗ್ರಾಮೀಣ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿದ್ದವು. 2021ರಿಂದ ಸ್ಥಳೀಯ ಆಡಳಿತಗಳ ಹೊಣೆಯಲ್ಲಿರುವ ಅತಿ ಹೆಚ್ಚು ಅಪಾಯದ ವಲಯಗಳಿಗೂ ವಿಸ್ತರಿಸಿದವು, 2023ರ ಏಪ್ರಿಲ್‌ನಲ್ಲಿ ಪರಿಷ್ಕೃತ ರೂಪ ಜಾರಿಯಾಯಿತು. ಇದಲ್ಲದೆ 2012ರ ಶಾಸನವೊಂದರ ಪ್ರಕಾರ ಅಪಾಯದ ವಲಯದಲ್ಲಿ ಜಮೀನು ವಿಂಗಡಣೆಗೆ ಒಪ್ಪಿಗೆ ಕೊಡುವ ಮುನ್ನ, ಅಲ್ಲಿನ ದಾರಿಗಳು ಅಗ್ನಿಶಾಮಕ ವಾಹನಗಳ ಮಾನದಂಡಕ್ಕೆ ಹೊಂದುತ್ತವೆಂದು ಕೌಂಟಿಯು ಲಿಖಿತವಾಗಿ ನಿರ್ಣಯಿಸಬೇಕು.

ಹೊಸ ವಿಂಗಡಣೆಗೆ ನಿಯಮ ಹೇರುವುದು ಸುಲಭ, ಈಗಾಗಲೇ ಇರುವ ರಸ್ತೆಯ ಕಥೆ ಬೇರೆ. 2021ರಲ್ಲಿ ನಿಯಮಗಳ ಪರಿಷ್ಕರಣೆ ನಡೆಯುತ್ತಿದ್ದಾಗ ಹಲವು ಗ್ರಾಮೀಣ ಕೌಂಟಿಗಳು ಗಟ್ಟಿಯಾಗಿ ಆಕ್ಷೇಪಿಸಿದವು. ಹಳೆಯ ರಸ್ತೆಯ ತುದಿಯಲ್ಲಿ ಒಂದು ಮನೆ ಕಟ್ಟಬಯಸುವ ಕುಟುಂಬ, ತನಗೆ ಸೇರದ ನೆಲದ ಮೇಲೆ ಮೈಲಿಗಟ್ಟಲೆ ರಸ್ತೆಯನ್ನು ಅಗಲ ಮಾಡಿಸಬೇಕೆಂದರೆ ಅದು ಮನೆಯನ್ನೇ ಕಟ್ಟಬೇಡವೆಂದಂತೆ ಎಂಬ ಅವರ ವಾದದಲ್ಲಿ ಹುರುಳಿದೆ. ಬೆಟ್ಟವನ್ನು ಕಡಿದು ರಸ್ತೆ ಹಿಗ್ಗಿಸಿದರೆ ಮಣ್ಣು ಕುಸಿಯುತ್ತದೆ, ಹಳೆಯ ಮರಗಳು ಹೋಗುತ್ತವೆ, ತೊರೆಗಳು ಹೂಳುತ್ತವೆ. ಅಗ್ಗದ ಮನೆಗಾಗಿ ದೂರ ಬಂದವರ ಮೇಲೆಯೇ ಹೆಚ್ಚಿನ ಹೊರೆ ಬೀಳುತ್ತದೆ. ಇತ್ತ ಬೆಂಕಿ ನಂದಿಸಲು ಹೋಗುವವರ ಮಾತೂ ಅಷ್ಟೇ ನೇರವಾದದ್ದು: ಹೊರಬರುವ ಭರವಸೆಯಿಲ್ಲದ ದಾರಿಯಲ್ಲಿ ತಮ್ಮ ಸಿಬ್ಬಂದಿಯನ್ನು ಒಳಗೆ ಕಳಿಸುವುದು ಹೇಗೆ? 2020ರ ಆಗಸ್ಟ್‌ನಲ್ಲಿ ಸಾಂತಾ ಕ್ರೂಸ್ ಬೆಟ್ಟಗಳಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಸುಮಾರು 86,500 ಎಕರೆಗೆ ಹಬ್ಬಿ ಹೆಚ್ಚುಕಡಿಮೆ 1,490 ಕಟ್ಟಡಗಳನ್ನು ಸುಟ್ಟುಹಾಕಿತು. ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಬೆಟ್ಟಗಳು ಊರ ಪಕ್ಕದವೇ. ಅಂಕುಡೊಂಕಾದ ಖಾಸಗಿ ದಾರಿಗಳ ಕೊನೆಯಲ್ಲಿದ್ದ ಮನೆಗಳನ್ನು ಮತ್ತೆ ಕಟ್ಟಲು ಹೊರಟವರಿಗೆ ರಸ್ತೆಯ ಮಾನದಂಡವೇ ದೊಡ್ಡ ಪ್ರಶ್ನೆಯಾಗಿ ಎದುರು ನಿಂತಿತು.

ಈ ಇಕ್ಕಟ್ಟಿಗೆ ಪೂರ್ಣ ಪರಿಹಾರ ಇಲ್ಲದಿದ್ದರೂ ಅರ್ಧ ಪರಿಹಾರಗಳಿವೆ, ಅವು ಅರ್ಧ ಎಂಬ ಕಾರಣಕ್ಕೆ ಬಿಟ್ಟುಬಿಡುವಂಥವಲ್ಲ. ಇಡೀ ರಸ್ತೆಯನ್ನು 20 ಅಡಿಗೆ ಹಿಗ್ಗಿಸಲಾಗದ ಕಡೆ ಕಣ್ಣಳತೆಯ ದೂರಕ್ಕೊಂದು ಸರಿದು ನಿಲ್ಲುವ ಜಾಗ ಮಾಡಬಹುದು. ಎರಡನೆಯ ರಸ್ತೆ ಸಾಧ್ಯವಿಲ್ಲದ ಕಡೆ ನೆರೆಯ ಜಮೀನಿನ ಮೂಲಕ ತುರ್ತಿನಲ್ಲಿ ಮಾತ್ರ ತೆರೆಯುವ ಗೇಟಿಗೆ ಬರಹದ ಒಪ್ಪಂದ ಮಾಡಿಕೊಳ್ಳಬಹುದು. ರಸ್ತೆಯ ಇಕ್ಕೆಲದ ಒಣಹುಲ್ಲು ಮತ್ತು ಕೊಂಬೆಗಳನ್ನು ವರ್ಷಕ್ಕೊಮ್ಮೆ ಕಡಿಯಬಹುದು. ನೀರಿನ ತೊಟ್ಟಿಯನ್ನು ಅಗ್ನಿಶಾಮಕ ಕೊಳವೆ ಕೂಡುವಂಥ ಬಾಯಿಯೊಂದಿಗೆ ರಸ್ತೆಯ ಬದಿಗೇ ಇಡಬಹುದು. ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಹೊಸ ಮನೆಗಳ ಒಳಗೆ, ಬಿಸಿಗೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಕಡ್ಡಾಯವಾಗಿರುವುದು ಒಳಗಿನ ಬೆಂಕಿಯ ಮಟ್ಟಿಗೆ ವಾಹನ ಬರುವವರೆಗಿನ ನಿಮಿಷಗಳನ್ನು ತುಂಬಿಕೊಡುತ್ತದೆ.

ಹೊಸ ಬಡಾವಣೆಗೆ ಮಾತ್ರ ಇಂಥ ರಾಜಿಗಳ ಅಗತ್ಯವೇ ಇಲ್ಲ, ಏಕೆಂದರೆ ಅಲ್ಲಿ ರಸ್ತೆ ಇನ್ನೂ ಕಾಗದದ ಮೇಲಿರುತ್ತದೆ. ಲೇಕ್ ಕೌಂಟಿಯು 2020ರಲ್ಲಿ ಗ್ವೆನಾಕ್ ಕಣಿವೆಯಲ್ಲಿ ಸುಮಾರು 16,000 ಎಕರೆಯ ದೊಡ್ಡ ವಸತಿ ಮತ್ತು ವಿಹಾರ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಅಷ್ಟು ಹೊಸ ಜನ ಬಂದರೆ ಬೆಂಕಿಯ ದಿನ ಸುತ್ತಲಿನ ನಿವಾಸಿಗಳು ಹೊರಹೋಗುವುದು ಹೇಗೆಂಬುದನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು ನ್ಯಾಯಾಲಯ 2022ರ ಆರಂಭದಲ್ಲಿ ಆ ಒಪ್ಪಿಗೆಯನ್ನು ತಳ್ಳಿಹಾಕಿತು. ಮನೆ ಕಟ್ಟಿದ ಮೇಲೆ ಕೇಳಬೇಕಾಗಿ ಬರುತ್ತಿದ್ದ ಪ್ರಶ್ನೆಯನ್ನು ನ್ಯಾಯಾಲಯ ಇಲ್ಲಿ ಬುನಾದಿಗೆ ಮುಂಚೆಯೇ ಕೇಳಿದೆ.

ಚಕ್ಕುಬಂದಿಯಲ್ಲಿ ಇಲ್ಲದ ಅಳತೆ

ಕರ್ನಾಟಕದ ಕಾನೂನು ಈ ವಿಷಯದಲ್ಲಿ ಒಂದು ದೃಷ್ಟಿಯಿಂದ ಮುಂದಿದೆ. ಇಲ್ಲಿ ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಪರಿವರ್ತನೆಯಾಗಬೇಕು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದ ಬಡಾವಣೆಯಲ್ಲಿ ರಸ್ತೆಗಳನ್ನು ಸಾಮಾನ್ಯವಾಗಿ ಕನಿಷ್ಠ 9 ಮೀಟರ್, ಅಂದರೆ ಸುಮಾರು 30 ಅಡಿ ಅಗಲ ಬಿಟ್ಟು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಹೀಗೆ ನಡೆದರೆ ಖಾಸಗಿ ರಸ್ತೆಯೆಂಬ ಸಮಸ್ಯೆಯೇ ಹುಟ್ಟುವುದಿಲ್ಲ. ಆದರೆ ಈ ಬಾಗಿಲನ್ನು ತಪ್ಪಿಸಿಕೊಂಡು ಹೋಗುವ ಪಕ್ಕದ ದಾರಿಗಳು ಇಲ್ಲಿಯೂ ಇವೆ: ಪರಿವರ್ತನೆಯಿಲ್ಲದೆ ಎದ್ದ ಕಂದಾಯ ಬಡಾವಣೆಗಳು, ಗುಂಟೆಗಳ ಲೆಕ್ಕದಲ್ಲಿ ಮಾರಾಟವಾಗುವ ತೋಟದ ನಿವೇಶನಗಳು, ಅಣ್ಣತಮ್ಮಂದಿರ ಪಾಲಾಗುತ್ತ ಪಾಲಾಗುತ್ತ ನಡುವಿನ ಓಣಿ ಸಣ್ಣದಾಗುತ್ತ ಬಂದ ಜಮೀನುಗಳು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳಿಗೆ ಗುರುತಿದೆ, ಸಾರ್ವಜನಿಕ ಬಳಕೆಯ ದಾರಿ ಹಳ್ಳಗಳಿಗೆ ಬಿ ಖರಾಬು ಎಂಬ ವರ್ಗವಿದೆ, ಬೇರೆ ದಾರಿಯಿಲ್ಲದ ಜಮೀನಿಗೆ ಅನಿವಾರ್ಯತೆಯ ದಾರಿಯ ಹಕ್ಕನ್ನು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆ ಕೊಡುತ್ತದೆ, ಇಪ್ಪತ್ತು ವರ್ಷ ತಡೆಯಿಲ್ಲದೆ ಬಳಸಿದ ದಾರಿಗೂ ಅದರಲ್ಲಿ ರಕ್ಷಣೆಯಿದೆ. ಇವೆಲ್ಲ ಹಾಯ್ದುಹೋಗುವ ಹಕ್ಕನ್ನು ಕಾಯುತ್ತವೆ. ಎತ್ತಿನ ಬಂಡಿ ಹಾಯುತ್ತಿದ್ದ ದಾರಿ ಅಗ್ನಿಶಾಮಕ ವಾಹನಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

2008ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಹಳ್ಳಿಯವರಿಗೂ ಒಂದು ದೂರವಾಣಿ ಕರೆಯ ಅಂತರದಲ್ಲಿ ಚಿಕಿತ್ಸೆ ತಂದಿತು. ಕರೆ ತಲುಪುವುದಕ್ಕೆ ರಸ್ತೆ ಬೇಡ, ವಾಹನ ತಲುಪುವುದಕ್ಕೆ ಬೇಕು. ನಗರದಿಂದ ಗಂಟೆಯೊಂದರ ದೂರದಲ್ಲಿ ತೋಟದ ಮನೆಗೆಂದು ಜಾಗ ನೋಡಲು ಹೋಗುವ ಕುಟುಂಬ ನೀರು, ಮಣ್ಣು, ಬೇಲಿ, ವಿದ್ಯುತ್ತು ಎಲ್ಲವನ್ನೂ ವಿಚಾರಿಸುತ್ತದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ ಎಂದು ಬರೆದಿದ್ದರೆ ಅಷ್ಟಕ್ಕೆ ಸಮಾಧಾನ ಪಡುತ್ತದೆ. ಆ ರಸ್ತೆ ಎಷ್ಟು ಅಡಿ, ಅದರ ನೆಲ ಯಾರ ಹೆಸರಿನಲ್ಲಿದೆ, ಮೋರಿ ಕುಸಿದರೆ ಕಟ್ಟಿಸುವವರು ಯಾರು, ಅದರ ತುದಿಯಲ್ಲಿ ವಾಹನ ತಿರುಗುತ್ತದೆಯೇ, ಗೇಟಿನ ಕೀಲಿ ರಾತ್ರಿ ಯಾರ ಬಳಿ ಇರುತ್ತದೆ ಎಂಬ ಐದು ಸಾಲುಗಳು ಆ ಪತ್ರದಲ್ಲಿ ಸೇರಿದರೆ ಬರಹಗಾರನಿಗೆ ಹೆಚ್ಚಾಗುವ ಕೆಲಸ ಕಾಲುಗಂಟೆಯದ್ದು. ಪ್ಯಾರಡೈಸ್‌ನ ಡೆಡ್ ಎಂಡ್ ರಸ್ತೆಗಳ ನಕ್ಷೆಗಳಿಗೆ ಸಹಿ ಬೀಳುವಾಗ ಕೂಡ ಆ ಕಾಲುಗಂಟೆ ಇತ್ತು.